ಬಸ್ ಸ್ಟ್ಯಾಂಡಿನಲ್ಲಿ ನಲವತ್ತು ಬಿಪಿ: ಆರೋಗ್ಯದ ಆ್ಯಪ್ ತರುವ ಮುಂಚೆ, ತಂದ ಮೇಲೆ ಏನೇನು ಕೇಳಬೇಕು

ಸಕಲೇಶಪುರದ ಘಟ್ಟದ ಕಡೆಯ ಒಂದು ಆರೋಗ್ಯ ಉಪಕೇಂದ್ರದ ದಾಖಲೆ ನೋಡುತ್ತಾ ಕೂತಿದ್ದೆ. ಬಿಪಿ ಇರುವವರ ಮನೆಗೆ ಹೋಗಿ, ಮೆಷಿನ್ ಕಟ್ಟಿ ನೋಡಿ, ಟ್ಯಾಬ್‌ನಲ್ಲಿ ಹಾಕುವ ಯೋಜನೆ ಅದು. ಒಬ್ಬ ಆಶಾ ಕಾರ್ಯಕರ್ತೆಯ ಹೆಸರಿನಲ್ಲಿ ಸೋಮವಾರ ಮಧ್ಯಾಹ್ನ ಐವತ್ತು ನಿಮಿಷದಲ್ಲಿ ನಲವತ್ತು ಮನೆಗಳ ಬಿಪಿ ಬಿದ್ದಿತ್ತು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲೇ ಇಪ್ಪತ್ತು ನಿಮಿಷ ಬೇಕು. ನಲವತ್ತು ಮನೆ ಹೇಗೆ ಸಾಧ್ಯ?

"ಕಳ್ಳ ಲೆಕ್ಕ" ಎಂದು ಪಕ್ಕದಲ್ಲಿದ್ದವರು ಹೇಳಿಯೇಬಿಟ್ಟರು. ನನಗೂ ಹಾಗೇ ಅನ್ನಿಸಿತ್ತು. ಮುಂದಿನ ವಾರ ಆಕೆಯನ್ನೇ ಕಂಡು ಕೇಳಿದೆವು.

"ನಮ್ಮೂರಲ್ಲಿ ಟವರ್ ಎಲ್ಲಿದೆ ಸಾರ್? ಮನೆಗೆ ಹೋದಾಗ ನೋಟ್‌ಬುಕ್ಕಲ್ಲಿ ಬರ್ಕೊಂಡಿರ್ತೀನಿ. ಸೋಮವಾರ ಪೇಟೆಗೆ ಬಂದಾಗ ಬಸ್ ಸ್ಟ್ಯಾಂಡಲ್ಲಿ ಕೂತು ಎಲ್ಲಾನೂ ಹಾಕ್ತೀನಿ."

ಪ್ಲಾಸ್ಟಿಕ್ ಕವರಿನಿಂದ ನೋಟ್‌ಬುಕ್ ತೆಗೆದು ತೋರಿಸಿದರು. ದಿನಾಂಕ, ಬಿಪಿ, ಮನೆಯಲ್ಲಿ ಮಾತ್ರೆ ಎಷ್ಟು ಉಳಿದಿದೆ, ಎಲ್ಲಾ ಇತ್ತು. ನಮ್ಮ ಟ್ಯಾಬ್‌ಗಿಂತ ಅಚ್ಚುಕಟ್ಟಾಗಿತ್ತು.

ಆ ಆ್ಯಪ್ ತರುವ ಮುಂಚೆ ಯಾರೂ ಆಕೆಯನ್ನು "ಇದನ್ನು ಎಲ್ಲಿ ಕೂತು ಒತ್ತುತ್ತೀರಿ?" ಎಂದು ಕೇಳಿರಲಿಲ್ಲ. ಹಾಗೆ ಕೇಳಬೇಕು ಎಂದು ಹೇಳಿಕೊಡುವ ಚೌಕಟ್ಟುಗಳು ಹತ್ತು ಇಪ್ಪತ್ತು ವರ್ಷದಿಂದ ಇವೆ. ಸಂಶೋಧಕರು ಫ್ರೇಮ್‌ವರ್ಕ್ ಎನ್ನುವುದು ಇವನ್ನೇ. ಹೆಸರು ಕೇಳಿದರೆ ಪಿಎಚ್‌ಡಿ ವಾಸನೆ ಬರುತ್ತದೆ, ನಿಜ. ನಾನಂತೂ ಅವನ್ನು ನೋಡುವುದೇ ಬೇರೆ ಥರ. ಚೌಕಟ್ಟು ಎಂದರೆ ಬೇರೆಯವರು ಎಲ್ಲೆಲ್ಲಿ ಎಡವಿದರು ಎಂಬುದರ ಪಟ್ಟಿ. ಆಸ್ಪತ್ರೆ, ಟ್ರಸ್ಟ್, ಕಾಲೇಜು, ಪಂಚಾಯಿತಿ, ನೀವು ಎಲ್ಲೇ ಇರಿ. ಒಂದು ಡಿಜಿಟಲ್ ಸಾಧನ ತರಲು ಹೊರಟಿದ್ದರೆ ಆ ಪಟ್ಟಿಯನ್ನು ಹೇಗೆ ಬಳಸಬಹುದು ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಉದ್ದಕ್ಕೂ ಬಿಪಿ ಆ್ಯಪನ್ನೇ ಇಟ್ಟುಕೊಳ್ಳುತ್ತೇನೆ.

ಹೆಜ್ಜೆ 1: ಆ್ಯಪ್ ಎಂಬ ಪದ ಇಲ್ಲದೆ ಸಮಸ್ಯೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಒಂದೇ ವಾಕ್ಯ ಬರೆಯಿರಿ. "ನಮ್ಮ ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಶುರು ಮಾಡಿದವರು ಮೂರು ತಿಂಗಳಾದ ಮೇಲೆ ಬರುವುದು ನಿಲ್ಲಿಸುತ್ತಾರೆ." ಇದು ಸರಿಯಾದ ವಾಕ್ಯ. "ನಮ್ಮಲ್ಲಿ ಡಿಜಿಟಲ್ ವ್ಯವಸ್ಥೆ ಇಲ್ಲ" ಎಂಬುದು ಸಮಸ್ಯೆಯೇ ಅಲ್ಲ.

ಈಗ ಏಕೆ ನಿಲ್ಲಿಸುತ್ತಾರೆ ಎಂದು ಕೇಳಿಕೊಳ್ಳಿ. ಇದಕ್ಕೆ ಸೂಸನ್ ಮಿಚಿ ಮತ್ತು ಜೊತೆಗಾರರು 2011ರಲ್ಲಿ ಕೊಟ್ಟ ಕಾಮ್-ಬಿ (COM-B) ಎಂಬ ಸರಳ ಮಾದರಿ ಸಾಕು. ಯಾರಾದರೂ ಒಂದು ಕೆಲಸ ಮಾಡಬೇಕಾದರೆ ಮೂರು ಬೇಕು: ಮಾಡಲು ಬರಬೇಕು, ಅವಕಾಶ ಇರಬೇಕು, ಮನಸ್ಸೂ ಇರಬೇಕು. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವ ಹೆಂಗಸು ಮಾತ್ರೆಗೆ ಬರುತ್ತಿಲ್ಲ. ಮರೆತಳೇ? ಹಾಗಿದ್ದರೆ ನೆನಪಿಸುವ ಮೆಸೇಜ್ ಕೆಲಸಕ್ಕೆ ಬರಬಹುದು. ತಲೆನೋವು ಹೋಯಿತು, ಇನ್ನು ಮಾತ್ರೆ ಯಾಕೆ ಎಂದುಕೊಂಡಳೇ? ಆಗ ಮಾತಾಡಿ ತಿಳಿಸುವವರು ಬೇಕು. ಉಪಕೇಂದ್ರಕ್ಕೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆಯೇ? ಮೆಸೇಜ್ ಹತ್ತು ಕಳಿಸಿದರೂ ಅವಳು ಬರುವುದಿಲ್ಲ. ಮಾತ್ರೆಯೇ ಸ್ಟಾಕ್ ಇಲ್ಲವೇ? ಆ್ಯಪ್ ಮಾತು ಅಲ್ಲಿಗೇ ಬಿಡಿ, ಮೊದಲು ಮಾತ್ರೆ ಕಳಿಸಿ ಎಂದು ಇಂಡೆಂಟ್ ಹಾಕಿ.

ಈ ಹೆಜ್ಜೆಯಲ್ಲೇ ಕೆಲವರು ತಮಗೆ ಆ್ಯಪ್ ಬೇಡ ಎಂದು ಕಂಡುಕೊಳ್ಳುತ್ತಾರೆ. ಅದೂ ಒಳ್ಳೆಯದೇ, ದುಡ್ಡು ಉಳಿಯಿತು.

ಹೆಜ್ಜೆ 2: ಎರಡೇ ಎರಡು ಚೌಕಟ್ಟು ಆರಿಸಿ

ಇಲ್ಲಿ ಜನ ದಾರಿ ತಪ್ಪುತ್ತಾರೆ. ಪ್ರಬಂಧದಲ್ಲಿ ಐದಾರು ಚೌಕಟ್ಟಿನ ಹೆಸರು ಹಾಕಿದರೆ ತೂಕ ಬರುತ್ತದೆ ಎಂಬ ನಂಬಿಕೆ ಇದೆ. ಬರುವುದು ಗೊಂದಲ.

ಸ್ವೀಡನ್ನಿನ ಪೆರ್ ನಿಲ್ಸೆನ್ 2015ರಲ್ಲಿ ಈ ಗೋಜಲನ್ನು ಬಿಡಿಸಿದರು. ಅವರ ಪ್ರಕಾರ ಚೌಕಟ್ಟುಗಳಿಂದ ಆಗುವ ಕೆಲಸ ಮೂರು. ಒಂದು, ಯಾವುದಾದ ಮೇಲೆ ಯಾವುದು ಮಾಡಬೇಕು ಎಂದು ದಾರಿ ತೋರಿಸುವುದು. ಎರಡು, ಏನು ಅಡ್ಡ ಬರುತ್ತದೆ, ಏನು ನೆರವಾಗುತ್ತದೆ ಎಂದು ಅರ್ಥ ಮಾಡಿಸುವುದು. ಮೂರು, ಕೊನೆಗೆ ಏನಾಯಿತು ಎಂದು ಅಳೆಯುವುದು. ಹಾಗಾಗಿ "ಯಾವ ಚೌಕಟ್ಟು ಒಳ್ಳೆಯದು?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಗುದ್ದಲಿ ಒಳ್ಳೆಯದೋ ಕತ್ತಿ ಒಳ್ಳೆಯದೋ ಎಂದು ಕೇಳಿದ ಹಾಗೆ.

ನನ್ನ ಸಲಹೆ ಇಷ್ಟು. ಅಡ್ಡಿ ಹುಡುಕಲು ಒಂದು, ಅಳೆಯಲು ಒಂದು. ಅಡ್ಡಿ ಹುಡುಕಲು ನಾಸ್ (NASSS), ಬೇಕಿದ್ದರೆ ಅದರ ಜೊತೆಗೆ ಸಿಫರ್‌ನ (CFIR) ಕೆಲವು ಪ್ರಶ್ನೆ. ಅಳೆಯಲು ರೀ-ಏಮ್ (RE-AIM). ಮೂರೂ ಚೌಕಟ್ಟುಗಳ ಹೆಸರು, ಮುಂದೆ ಒಂದೊಂದಾಗಿ ಬಿಡಿಸುತ್ತೇನೆ. ಸಿಬ್ಬಂದಿ ಆ್ಯಪನ್ನು ಒಪ್ಪುತ್ತಾರಾ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ಟ್ಯಾಮ್ (TAM) ಎಂಬ ಮಾದರಿ ಸಾಕು. ಅದು ಕೇಳುವುದು ಎರಡೇ: ಇದರಿಂದ ನನಗೆ ಉಪಯೋಗ ಇದೆ ಅನ್ನಿಸುತ್ತದಾ? ಬಳಸಲು ಸಲೀಸು ಅನ್ನಿಸುತ್ತದಾ? ಆದರೆ ಟ್ಯಾಮ್ ಒಂದನ್ನೇ ನಂಬಿದ್ದರೆ ಬಸ್ ಸ್ಟ್ಯಾಂಡ್ ಕಥೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆ ಆಶಾ ಕಾರ್ಯಕರ್ತೆಗೆ ಆ್ಯಪ್ ಉಪಯುಕ್ತ ಅನ್ನಿಸಿತ್ತು, ಸಲೀಸೂ ಅನ್ನಿಸಿತ್ತು. ಇಲ್ಲದ್ದು ಟವರ್.

ಹೆಜ್ಜೆ 3: ಕೊಳ್ಳುವ ಮುಂಚೆ ಏಳು ಕಡೆ ಬೆರಳಿಟ್ಟು ನೋಡಿ

ನಾಸ್ ಚೌಕಟ್ಟನ್ನು 2017ರಲ್ಲಿ ಆಕ್ಸ್‌ಫರ್ಡಿನ ಟ್ರಿಶ್ ಗ್ರೀನ್‌ಹಾಲ್ ಮತ್ತು ತಂಡ ಪ್ರಕಟಿಸಿತು. ಆರೋಗ್ಯದ ತಂತ್ರಜ್ಞಾನಗಳನ್ನು ಜನ ಯಾಕೆ ಕೈಗೇ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಯಾಕೆ ಬಿಟ್ಟುಬಿಡುತ್ತಾರೆ, ಒಂದೂರಿನಲ್ಲಿ ನಡೆದದ್ದು ಯಾಕೆ ಹರಡುವುದಿಲ್ಲ ಎಂಬುದು ಅವರ ಚಿಂತೆ. ಏಳು ವಿಷಯ ನೋಡಿ, ಪ್ರತಿಯೊಂದೂ ಸರಳವೇ, ತೊಡಕೇ, ಊಹಿಸಲೇ ಆಗದಷ್ಟು ಜಟಿಲವೇ ಎಂದು ಗುರುತಿಸಿ ಎನ್ನುತ್ತಾರೆ. ಜಟಿಲ ಎಂಬ ಗುರುತು ಹೆಚ್ಚಾದಷ್ಟೂ ಯೋಜನೆ ಮುಗ್ಗರಿಸುವ ಸಾಧ್ಯತೆ ಹೆಚ್ಚು.

ಮೊದಲನೆಯದು ಕಾಯಿಲೆ. ಬಿಪಿ ಒಂದೇ ಇದ್ದರೆ ಬಹುಮಟ್ಟಿಗೆ ಸರಳ. ಅದರ ಜೊತೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಮೇಲೆ ಕುಡಿತ ಸೇರಿದರೆ ಆ್ಯಪ್‌ನ ನಾಲ್ಕು ಬಟನ್‌ಗೆ ಅದು ಸಿಗುವುದಿಲ್ಲ.

ಎರಡನೆಯದು ತಂತ್ರಜ್ಞಾನ. ಮಾರಲು ಬಂದವರು ಇದನ್ನೇ ಒಂದು ಗಂಟೆ ತೋರಿಸುತ್ತಾರೆ. ನೀವು ಮೂರೇ ಪ್ರಶ್ನೆ ಕೇಳಿ. ನೆಟ್ ಇಲ್ಲದೆ ನಡೆಯುತ್ತದಾ? ಕನ್ನಡದಲ್ಲಿ ಇದೆಯಾ, ಇದ್ದರೆ ಓದಿ ಅರ್ಥವಾಗುವ ಕನ್ನಡವಾ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಮಾಹಿತಿ ನಮಗೆ ವಾಪಸ್ ಸಿಗುತ್ತದಾ? ಡೆಮೊ ನೋಡುವುದಾದರೆ ಹಾಸನದ ಹೋಟೆಲ್ ಹಾಲ್‌ನಲ್ಲಿ ಬೇಡ. ಜುಲೈ ತಿಂಗಳಲ್ಲಿ, ಕರೆಂಟ್ ಹೋಗಿರುವ ದಿನ, ಮೂಡಿಗೆರೆ ಇಲ್ಲವೇ ಕಳಸದ ಕಡೆ ಒಂದು ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಮೂರನೆಯದು ಲಾಭ. ಯಾರಿಗೆ ಏನು ಸಿಗುತ್ತದೆ? ಹೃದಯ ಜ್ಯೋತಿ ಯೋಜನೆ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಹೃದಯ ತಜ್ಞರಿಗೆ ಹೋಗುತ್ತದೆ, ಅವರು ನೋಡಿ ಹೇಳುತ್ತಾರೆ. ಮುಂದೆ ಎದೆನೋವಿನ ರೋಗಿ ಮಲಗಿರುವಾಗ ಅದರ ಬೆಲೆ ಏನು ಎಂದು ಡ್ಯೂಟಿ ಡಾಕ್ಟರಿಗೆ ಯಾರೂ ವಿವರಿಸಬೇಕಿಲ್ಲ. ಬಿಪಿ ಆ್ಯಪ್‌ನಲ್ಲಿ ಹಾಗಲ್ಲ. ಒತ್ತುವವರು ಆಶಾ, ಲಾಭ ಕಾಣುವುದು ಜಿಲ್ಲಾ ಕಚೇರಿಯ ಪರದೆಯಲ್ಲಿ. ಒತ್ತುವವರಿಗೂ ಏನಾದರೂ ಸಿಗಬೇಕು. "ಈ ವಾರ ನೀವು ನೋಡಬೇಕಾದ ಹತ್ತು ಮನೆ" ಎಂಬ ಪಟ್ಟಿ ಬಂದರೂ ಸಾಕು.

ನಾಲ್ಕನೆಯದು ಬಳಸುವವರು. ಸಿಬ್ಬಂದಿ, ರೋಗಿ, ಮನೆಯವರು ಎಂದು ನಾಸ್ ಹೇಳುತ್ತದೆ. ನಮ್ಮ ತೋಟಗಳಲ್ಲಿ ಇನ್ನೂ ಇಬ್ಬರನ್ನು ಸೇರಿಸಿ: ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಕೂಲಿಯವರನ್ನು ನೋಡಿಕೊಳ್ಳುವ ಮೇಸ್ತ್ರಿ. ಅವರ ಒಪ್ಪಿಗೆ ಇಲ್ಲದೆ ಕೆಲಸದ ಹೊತ್ತಿನಲ್ಲಿ ಲೈನಿಗೆ ಕಾಲಿಡುವುದು ಕಷ್ಟ. ಇನ್ನೊಂದು ವಿಷಯ. ಕಾಫಿ ಕುಯ್ಲಿಗೆ ಅಸ್ಸಾಂನಿಂದ ಬಂದವರಿಗೆ ಕನ್ನಡದ ಪರದೆಯೂ ಇಂಗ್ಲಿಷ್ ಪರದೆಯೂ ಒಂದೇ.

ಐದನೆಯದು ಸಂಸ್ಥೆ. ಉತ್ಸಾಹದ ವೈದ್ಯಾಧಿಕಾರಿ ಇದ್ದಾರೆ ಎಂದು ಶುರು ಮಾಡುತ್ತೀರಿ. ಅವರಿಗೆ ವರ್ಗಾವಣೆಯಾದರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಈ ಸಾಲಿನಲ್ಲಿ ಜಟಿಲ ಎಂದು ಬರೆಯಿರಿ.

ಆರನೆಯದು ಹೊರಗಿನ ವ್ಯವಸ್ಥೆ. ಒಬ್ಬ ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಈಗಾಗಲೇ ಎಷ್ಟು ಆ್ಯಪ್ ಇವೆ ಎಂದು ಎಣಿಸಿ ನೋಡಿ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರು. ಗೌರವಧನ ಹೆಚ್ಚಿಸಿ ಎಂಬುದರ ಜೊತೆಗೆ, ಪ್ರೋತ್ಸಾಹಧನವನ್ನು ಪೋರ್ಟಲ್ಲಿಗೆ ಜೋಡಿಸಿದ್ದನ್ನು ತೆಗೆಯಿರಿ ಎಂಬುದೂ ಅವರ ಬೇಡಿಕೆಯಾಗಿತ್ತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡಿಲ್ಲ ಎಂಬ ಅನುಭವ ಇರುವವರ ಮುಂದೆ ನೀವು ಇನ್ನೊಂದು ಪೋರ್ಟಲ್ ಹಿಡಿದು ನಿಲ್ಲುತ್ತಿದ್ದೀರಿ. ಅದು ನೆನಪಿರಲಿ.

ಏಳನೆಯದು ಕಾಲ. ಎರಡು ವರ್ಷದ ನಂತರ ಇದು ಬದಲಾಗಬಲ್ಲದಾ? ಇದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈ ಏಳು ಸಾಲನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಸ, ತೊ, ಜ ಎಂದು ಒಂದಕ್ಷರ ಹಾಕಿ. ನಾಲ್ಕೈದು 'ಜ' ಬಂದರೆ ಯೋಜನೆಯನ್ನು ಸಣ್ಣದು ಮಾಡಿ. ಒಂದು ಕಾಯಿಲೆ, ಒಂದು ಉಪಕೇಂದ್ರ, ಒಂದು ಪರದೆ.

ಹೆಜ್ಜೆ 4: ಒಳಗೆ ಹೋಗಿ ಕೇಳಿ, ಆದರೆ ಚೌಕಟ್ಟಿನ ಭಾಷೆಯಲ್ಲಿ ಕೇಳಬೇಡಿ

ಸಿಫರ್ ಅಂದರೆ ಲಾರಾ ಡಾಮ್‌ಶ್ರೋಡರ್ ಮತ್ತು ಸಂಗಡಿಗರು 2009ರಲ್ಲಿ ಕಟ್ಟಿದ ಚೌಕಟ್ಟು. 2022ರಲ್ಲಿ ಅದನ್ನು ಪರಿಷ್ಕರಿಸಿದರು. ಐದು ವಿಭಾಗ: ತಂದ ಹೊಸ ವಸ್ತು, ಹೊರಗಿನ ಪರಿಸರ, ಒಳಗಿನ ಪರಿಸರ, ಜನ, ಜಾರಿ ಮಾಡುವ ಬಗೆ. ಮೊದಲ ಆವೃತ್ತಿಯಲ್ಲಿ ಇದರೊಳಗೆ 39 ಅಂಶಗಳಿದ್ದವು. ಎಲ್ಲವನ್ನೂ ಕೇಳಲು ಹೋದರೆ ಸಂದರ್ಶನ ಮುಗಿಯುವಷ್ಟರಲ್ಲಿ ಕೊನೆ ಬಸ್ ಹೋಗಿರುತ್ತದೆ. ನಿಮ್ಮ ಹಾಳೆಯಲ್ಲಿ 'ಜ' ಬಿದ್ದ ಕಡೆಗೆ ಸೇರಿದ ಏಳೆಂಟು ಅಂಶ ಮಾತ್ರ ಆರಿಸಿ.

ಪ್ರಶ್ನೆಗಳನ್ನು ಆಡುಮಾತಿಗೆ ತನ್ನಿ. ಇದನ್ನು ನಾನು ಕಲಿತದ್ದು ಅವಮಾನವಾದ ಮೇಲೆ. ಅಚ್ಚು ಹಾಕಿಸಿದ ಪ್ರಶ್ನಾವಳಿ ಹಿಡಿದು ಒಬ್ಬ ಹಿರಿಯ ಆಶಾ ಕಾರ್ಯಕರ್ತೆಯನ್ನು "ಸಂಸ್ಥೆಯ ಅನುಷ್ಠಾನ ಸನ್ನದ್ಧತೆ ಯಾವ ಮಟ್ಟದಲ್ಲಿದೆ?" ಎಂದು ಕೇಳಿದ್ದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಕಾಫಿ ಕುಡೀತೀರಾ?" ಎಂದರು.

ಅದೇ ಪ್ರಶ್ನೆ ಈಗ ಹೀಗೆ ಕೇಳುತ್ತೇನೆ: "ಅಕ್ಕಾ, ಟ್ಯಾಬ್ ಕೆಟ್ಟರೆ ಯಾರಿಗೆ ಫೋನ್ ಮಾಡ್ತೀರಿ? ಹೋದ ಸಲ ಮಾಡಿದಾಗ ಎಷ್ಟು ದಿನಕ್ಕೆ ಸರಿಯಾಯ್ತು?" ಕೆಲಸದ ಹೊರೆಯ ಬಗ್ಗೆ: "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿವರೆಗೆ ಏನೇನು ಮಾಡಿದ್ರಿ, ಹೇಳಿ." ಹೊಂದಾಣಿಕೆಯ ಬಗ್ಗೆ: "ಇದನ್ನ ಇನ್ನೆಲ್ಲಾದರೂ ಬರೀತೀರಾ? ರಿಜಿಸ್ಟರ್‌ನಲ್ಲೂ ಬರೀಬೇಕಾ?" ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ, ನೀವು ಕೆಲಸ ಕಡಿಮೆ ಮಾಡಿಲ್ಲ, ಡಬಲ್ ಮಾಡಿದ್ದೀರಿ.

"ಆ್ಯಪ್ ಹೇಗಿದೆ?" ಎಂದು ಮಾತ್ರ ಕೇಳಲೇಬೇಡಿ. "ಚೆನ್ನಾಗಿದೆ ಸಾರ್" ಎಂಬುದು ಉತ್ತರವಲ್ಲ, ಅದು ಮರ್ಯಾದೆ. ವೈದ್ಯಾಧಿಕಾರಿ ಕೂತಿರುವ ಕೋಣೆಯಲ್ಲಿ ಕೇಳಿದರೆ ಇನ್ನೂ ಚೆನ್ನಾಗಿರುತ್ತದೆ. ಐದು ನಕ್ಷತ್ರ ಹಾಕಿಸುವುದು, ಒಂದರಿಂದ ಐದರವರೆಗೆ ಅಂಕ ಕೇಳುವುದು ಕೂಡ ನಮ್ಮಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಎಲ್ಲರೂ ನಾಲ್ಕು ಕೊಡುತ್ತಾರೆ. ಅದರ ಬದಲು "ತೆಗೆದು ತೋರಿಸಿ, ಒಬ್ಬ ಹೊಸ ರೋಗಿಯನ್ನು ಸೇರಿಸಿ" ಎಂದು ಹೇಳಿ ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಎಲ್ಲಿ ಬೆರಳು ತಡೆಯುತ್ತದೆ, ಎಲ್ಲಿ ಮಗಳನ್ನು ಕರೆಯುತ್ತಾರೆ, ಬರೆದುಕೊಳ್ಳಿ.

ಲೈನ್ ಮನೆಗೆ ಹೋಗುವುದಾದರೆ ಕೆಲಸ ಬಿಟ್ಟ ಮೇಲೆ ಹೋಗಿ. ಬಟವಾಡೆ ದಿನ ಬೇಡ, ಅವತ್ತು ಎಲ್ಲರೂ ಸಂತೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ.

ಹೆಜ್ಜೆ 5: ಫೋನ್ ನಂಬರ್ ಯಾರದು ಎಂದು ನೋಡಿ

ಇದು ಯಾವ ಚೌಕಟ್ಟಿನಲ್ಲೂ ಇಷ್ಟು ಬಿಡಿಸಿ ಇಲ್ಲ. ಅದಕ್ಕೇ ಬೇರೆ ಹೆಜ್ಜೆಯಾಗಿ ಇಡುತ್ತಿದ್ದೇನೆ.

ಒಂದು ಪಟ್ಟಿಯಲ್ಲಿ ಒಂದೇ ಮೊಬೈಲ್ ನಂಬರ್ ಹನ್ನೊಂದು ಜನರ ಮುಂದೆ ಇತ್ತು. ಅದು ರೈಟರ್ ನಂಬರ್. ಲೈನಿನವರ ಬಳಿ ಫೋನ್ ಇಲ್ಲದಿದ್ದಾಗ, ಇದ್ದರೂ ನಂಬರ್ ಆಗಾಗ ಬದಲಾಗುವಾಗ, ಬರೆದುಕೊಳ್ಳುವವರು ರೈಟರ್ ನಂಬರ್ ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಆದರೆ ಆಮೇಲೆ ಒಟಿಪಿ ಹೋಗುವುದು ರೈಟರಿಗೆ. "ನಿಮ್ಮ ಬಿಪಿ ಮಾತ್ರೆ ಮುಗಿದಿದೆ" ಎಂಬ ಮೆಸೇಜ್ ಹೋಗುವುದೂ ರೈಟರಿಗೆ. ಕೆಲಸ ಕೊಡುವವರ ಕಡೆಯವರಿಗೆ ಕೆಲಸದವರ ಕಾಯಿಲೆ ಗೊತ್ತಾಗುತ್ತದೆ. ಬಿಪಿಯಾದ್ದರಿಂದ ಬಚಾವ್. ಟಿಬಿಯಾಗಿದ್ದರೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು. ಕನ್ನಡ, ತಮಿಳು, ಅಸ್ಸಾಮಿ ಮೂರೂ ಅದರಲ್ಲಿವೆ. ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಳ್ಳುವುದು ಅವರವರ ಇಷ್ಟ. ಅದಿಲ್ಲ ಎಂದು ಮಾತ್ರೆ ನಿಲ್ಲಿಸುವ ಹಾಗಿಲ್ಲ. ಇನ್ನು ಮೌಲ್ಯಮಾಪನವನ್ನು ಸಂಶೋಧನೆಯಾಗಿ ಪ್ರಕಟಿಸುವ ಆಸೆ ಇದ್ದರೆ ಶುರು ಮಾಡುವ ಮುಂಚೆಯೇ ನೈತಿಕ ಸಮಿತಿಯ ಅನುಮತಿ ತೆಗೆದುಕೊಳ್ಳಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಹೆಜ್ಜೆ 6: ಶುರು ಮಾಡಿ, ಬದಲಾಯಿಸಿದ್ದನ್ನೆಲ್ಲಾ ಬರೆದಿಡಿ

ಮಲೆನಾಡಿನ ಒಂದು ಉಪಕೇಂದ್ರ, ಅರಸೀಕೆರೆ ಅಥವಾ ಕಡೂರು ಕಡೆಯ ಬಯಲುಸೀಮೆಯ ಒಂದು ಉಪಕೇಂದ್ರ. ಎರಡರಲ್ಲೂ ಶುರು ಮಾಡಿದರೆ ಒಳ್ಳೆಯದು. ಸರ್ಕಾರದ ಲೆಕ್ಕದಲ್ಲೇ ಗುಡ್ಡಗಾಡಿನ ಉಪಕೇಂದ್ರಕ್ಕೆ 3,000 ಜನ, ಬಯಲಿನದಕ್ಕೆ 5,000 ಜನ. ಒಂದೇ ಜಿಲ್ಲೆಯೊಳಗೆ ಎರಡು ಲೋಕ.

ಒಂದು ಡೈರಿ ಇಡಿ. ಪರದೆ ಬದಲಾಯಿಸಿದಿರಾ, ಭೇಟಿಯ ದಿನ ಬದಲಾಯಿಸಿದಿರಾ, ದಿನಾಂಕ ಹಾಕಿ ಬರೆಯಿರಿ. ಆರು ತಿಂಗಳಾದ ಮೇಲೆ ಇದು ಯಾರ ನೆನಪಿನಲ್ಲೂ ಇರುವುದಿಲ್ಲ.

ಹೆಜ್ಜೆ 7: ಎಷ್ಟರಲ್ಲಿ ಎಷ್ಟು?

ಈಗ ಅಳತೆ. ರೀ-ಏಮ್ ಅನ್ನು ರಸೆಲ್ ಗ್ಲಾಸ್ಗೋ, ಥಾಮಸ್ ವೋಗ್ಟ್, ಶಾನ್ ಬೋಲ್ಸ್ 1999ರಲ್ಲಿ ಕೊಟ್ಟರು. ಐದು ಪ್ರಶ್ನೆ: ಯಾರಿಗೆ ತಲುಪಿತು, ಅದರಿಂದ ಏನಾಯಿತು, ಎಷ್ಟು ಕೇಂದ್ರ ಮತ್ತು ಸಿಬ್ಬಂದಿ ಕೈಗೆತ್ತಿಕೊಂಡರು, ಹೇಳಿದ ಹಾಗೆ ನಡೆಯಿತಾ, ಉಳಿಯಿತಾ.

ಸರಳ ಅನ್ನಿಸುತ್ತದೆ. ಮೋಸ ಇರುವುದು ಛೇದದಲ್ಲಿ. ಭಿನ್ನರಾಶಿಯಲ್ಲಿ ಗೆರೆಯ ಕೆಳಗೆ ಬರುವ ಸಂಖ್ಯೆ, ಅದೇ.

ಲೆಕ್ಕಕ್ಕಾಗಿ ಒಂದು ಉಪಕೇಂದ್ರ ಇಟ್ಟುಕೊಳ್ಳೋಣ. ಬಿಪಿ ಇರಬಹುದಾದವರು 400 ಜನ. ಆ್ಯಪ್‌ನಲ್ಲಿ ಸೇರಿದವರು 240. ಕಳೆದ ಮೂರು ತಿಂಗಳಲ್ಲಿ ಬಿಪಿ ನೋಡಿಸಿಕೊಂಡವರು 120. ಅವರಲ್ಲಿ 140/90ಕ್ಕಿಂತ ಕಡಿಮೆ ಇರುವವರು 84. ಈಗ ವರದಿ ಬರೆಯಿರಿ. "ನಮ್ಮ ಆ್ಯಪ್‌ನಿಂದ ಶೇ 70 ಜನರ ಬಿಪಿ ಹತೋಟಿಗೆ ಬಂದಿದೆ." ಸುಳ್ಳಲ್ಲ, 120ರಲ್ಲಿ 84. ಆದರೆ ಸೇರಿದವರನ್ನು ಹಿಡಿದರೆ ಶೇ 35. ಬಿಪಿ ಇರುವವರನ್ನೆಲ್ಲಾ ಹಿಡಿದರೆ ಶೇ 21. ಒಂದೇ ಊರು, ಒಂದೇ ಆ್ಯಪ್, ಮೂರು ಉತ್ತರ.

ಬಾರದವರು ಯಾರು? ಅವರಲ್ಲಿ ಬಿಪಿ ಹತೋಟಿಯಲ್ಲಿ ಇಲ್ಲದವರೇ ಹೆಚ್ಚಿರಬಹುದು. 2017ರಲ್ಲಿ ಶುರುವಾದ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸುವ ಸಿಂಪಲ್ ಎಂಬ ಆ್ಯಪ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಚಿಕಿತ್ಸೆಯಲ್ಲಿರುವವರನ್ನು ಹತೋಟಿಯಲ್ಲಿರುವವರು, ಇಲ್ಲದವರು, ಮೂರು ತಿಂಗಳಿಂದ ಬಾರದವರು ಎಂದು ಪಾಲು ಮಾಡಿ ತೋರಿಸುತ್ತದೆ. ಬಾರದವರು ಲೆಕ್ಕದಿಂದ ಮಾಯವಾಗುವುದಿಲ್ಲ. ನಿಮ್ಮ ಆ್ಯಪ್ ಯಾವುದೇ ಇರಲಿ, ಈ ಪಾಲನ್ನು ಕಾಪಿ ಹೊಡೆಯಿರಿ. ನಾಚಿಕೆಪಡಬೇಕಿಲ್ಲ.

ಛೇದ ಮರೆತರೆ ಏನಾಗುತ್ತದೆ ಎಂದು ಹಾಸನದವರಿಗೆ ಬೇರೆ ಹೇಳಬೇಕಾ? 2025ರ ಜೂನ್‌ನಲ್ಲಿ ದಿನಾ ಟಿವಿಯಲ್ಲಿ ಸಂಖ್ಯೆ ಏರುತ್ತಿತ್ತು, ಹಾಸನದಲ್ಲಿ ಹೃದಯಾಘಾತಕ್ಕೆ ಇನ್ನೊಂದು ಬಲಿ ಎಂದು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು, ಪಕ್ಕದ ಜಿಲ್ಲೆಯಲ್ಲಿ ಎಷ್ಟು ಎಂದು ಆಗ ಕೇಳಿದವರು ಕಡಿಮೆ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಮಾಡಿದ ತಂಡ ಪರಿಶೀಲಿಸಿ, ಅಸಹಜ ಏರಿಕೆ ಕಾಣುತ್ತಿಲ್ಲ ಎಂದಿತು. ಸತ್ತವರ ಮನೆಯವರ ದುಃಖ ಯಾವ ಛೇದದಿಂದಲೂ ಕಡಿಮೆಯಾಗುವುದಿಲ್ಲ, ಅದು ಬೇರೆ ಮಾತು. ಆದರೆ ಒಂದು ಜಿಲ್ಲೆಯ ಆರೋಗ್ಯದ ಬಗ್ಗೆ ತೀರ್ಮಾನ ಮಾಡುವಾಗ ಗೆರೆಯ ಕೆಳಗಿನ ಸಂಖ್ಯೆ ಬೇಕೇ ಬೇಕು.

ತಲುಪಿದವರ ಪಟ್ಟಿಯನ್ನು ಇನ್ನೊಮ್ಮೆ ಒಡೆಯಿರಿ. ಊರ ಮನೆ ಎಷ್ಟು, ಲೈನ್ ಮನೆ ಎಷ್ಟು? ಹೆಂಗಸರು ಎಷ್ಟು, ಗಂಡಸರು ಎಷ್ಟು? ಹಗಲು ಮನೆ ಭೇಟಿ ಮಾಡಿದರೆ ಸಿಗುವುದು ಮನೆಯಲ್ಲಿರುವವರು ಮಾತ್ರ, ಅಲ್ವಾ? ನಲವತ್ತು ದಾಟಿದ, ದುಡಿಯಲು ಹೋದ ಗಂಡಸು ಆ್ಯಪ್‌ಗೆ ಕಾಣುವುದೇ ಇಲ್ಲ.

ಕೆಟ್ಟ ಪರಿಣಾಮವನ್ನೂ ಅಳೆಯಿರಿ. ರೀ-ಏಮ್‌ನ ಎರಡನೇ ಪ್ರಶ್ನೆಯೊಳಗೆ ಇದೂ ಇದೆ, ಆದರೆ ವರದಿಗಳಲ್ಲಿ ಹೆಚ್ಚಾಗಿ ಕಾಣೆಯಾಗುತ್ತದೆ. ಟ್ಯಾಬ್‌ಗೆ ಹೋದ ಸಮಯ ಎಲ್ಲಿಂದ ಬಂತು? ಬಾಣಂತಿ ಭೇಟಿ ಕಡಿಮೆಯಾಯಿತಾ?

ಹೆಜ್ಜೆ 8: ಯಾವುದರ ಜೊತೆ ಹೋಲಿಸುತ್ತೀರಿ?

ಜುಲೈನಲ್ಲಿ ಶುರು ಮಾಡಿ, ಮಾರ್ಚಿನಲ್ಲಿ ಅಳೆದು, ಬರುವವರ ಸಂಖ್ಯೆ ಏರಿತು ಎಂದರೆ ನಮ್ಮ ಕಡೆ ಯಾರೂ ನಂಬಬಾರದು. ಜುಲೈನಲ್ಲಿ ಧೋ ಎಂದು ಮಳೆ, ರಸ್ತೆಗೆ ಮರ ಬಿದ್ದಿರುತ್ತದೆ. ಮಾರ್ಚಿನಲ್ಲಿ ಕುಯ್ಲು ಮುಗಿದು ಜನ ಸ್ವಲ್ಪ ಬಿಡುವಾಗಿರುತ್ತಾರೆ. ಆ್ಯಪ್ ಇರಲಿ ಬಿಡಲಿ, ಸಂಖ್ಯೆ ಏರುತ್ತದೆ. ಚಳಿಗಾಲದಲ್ಲಿ ಬಿಪಿ ಸ್ವಲ್ಪ ಹೆಚ್ಚಿರುತ್ತದೆ ಎಂಬುದೂ ಸೇರಿದರೆ ಲೆಕ್ಕ ಇನ್ನೂ ಕಲಸಿಹೋಗುತ್ತದೆ. ಆನೆ ಹಾವಳಿ ಜೋರಾಗಿ ಸಂಜೆ ಯಾರೂ ಹೊರಗೆ ಬಾರದ ವಾರಗಳೂ ಇರುತ್ತವೆ, ಅದನ್ನು ಡೈರಿಯಲ್ಲಿ ಬರೆದಿಡಿ.

ಸುಲಭ ದಾರಿ ಎಂದರೆ ಹೋದ ವರ್ಷದ ಅದೇ ತಿಂಗಳ ರಿಜಿಸ್ಟರ್ ಜೊತೆ ಹೋಲಿಸುವುದು. ಇನ್ನೂ ಒಳ್ಳೆಯ ದಾರಿ ಇದೆ. ಆರು ಉಪಕೇಂದ್ರ ಇದ್ದರೆ ಎಲ್ಲಾ ಕಡೆ ಒಂದೇ ದಿನ ಶುರು ಮಾಡಬೇಡಿ. ಚೀಟಿ ಎತ್ತಿ, ಎರಡು ತಿಂಗಳಿಗೆ ಎರಡೆರಡು ಕೇಂದ್ರ ಸೇರಿಸುತ್ತಾ ಹೋಗಿ. ಇನ್ನೂ ಶುರುವಾಗದ ಕೇಂದ್ರಗಳೇ ಹೋಲಿಕೆಗೆ ಸಿಗುತ್ತವೆ. ಯಾರಿಗೂ ಸಾಧನ ತಪ್ಪಿಸಿದ ಹಾಗೂ ಆಗುವುದಿಲ್ಲ. ಇಷ್ಟಕ್ಕೂ ಒಂದೇ ದಿನ ಆರು ಕಡೆ ತರಬೇತಿ ಕೊಡುವಷ್ಟು ಜನ ನಿಮ್ಮಲ್ಲಿ ಇರುವುದಿಲ್ಲ.

ಹೆಜ್ಜೆ 9: ದುಡ್ಡು ಮುಗಿದ ಮೇಲೆ ಹೋಗಿ ನೋಡಿ

ರೀ-ಏಮ್‌ನ ಕೊನೆಯ ಪ್ರಶ್ನೆ ಉಳಿಯುವುದರ ಬಗ್ಗೆ. ಕನಿಷ್ಠ ಆರು ತಿಂಗಳ ನಂತರ ನೋಡಿ ಎಂಬುದು ರೂಢಿ. ಯೋಜನೆಯ ಹಣ ಮುಗಿದ ಆರು ತಿಂಗಳ ನಂತರ ನೋಡಿ ಎಂದು ನಾನು ಹೇಳುತ್ತೇನೆ.

ಆಗ ಕಾರ್ಲ್ ಮೇ ಮತ್ತು ಟ್ರೇಸಿ ಫಿಂಚ್ ಅವರ ಒಂದು ಸಿದ್ಧಾಂತ ನೆರವಿಗೆ ಬರುತ್ತದೆ. ಹೊಸ ಕೆಲಸವೊಂದು ದಿನನಿತ್ಯದ ಕೆಲಸ ಆಗಿಬಿಡುವುದು ಹೇಗೆ ಎಂಬುದೇ ಅದರ ವಿಷಯ. ಅದರ ನಾಲ್ಕು ಅಂಶವನ್ನು ಹೀಗೆ ಕೇಳಬಹುದು. ಇದು ಯಾಕೆ ಅಂತ ನಿಮಗೆ ಗೊತ್ತಾ? ನಿಮ್ಮದು ಅಂತ ಅನ್ನಿಸುತ್ತದಾ? ಯಾರು ಯಾವ ಭಾಗ ಮಾಡ್ತೀರಿ? ಮಾಡಿದ್ದು ಸರಿ ಹೋಗ್ತಿದೆಯಾ ಅಂತ ಕೂತು ಮಾತಾಡಿದ್ದೀರಾ? ತಿಂಗಳ ಆಶಾ ಮೀಟಿಂಗ್‌ನಲ್ಲಿ ಈ ನಾಲ್ಕು ಕೇಳಿದರೆ ಅರ್ಧ ಗಂಟೆಯಲ್ಲಿ ಎಲ್ಲಾ ಗೊತ್ತಾಗುತ್ತದೆ.

ಜೊತೆಗೆ ಮೂರು ಸಣ್ಣ ವಿಷಯ ವಿಚಾರಿಸಿ. ಸಿಮ್ಮಿಗೆ ರೀಚಾರ್ಜ್ ಯಾರು ಮಾಡಿಸುತ್ತಿದ್ದಾರೆ? ಒಡೆದ ಗಾಜಿಗೆ ಯಾರು ದುಡ್ಡು ಕೊಟ್ಟರು? ಹೊಸದಾಗಿ ಬಂದ ಸಮುದಾಯ ಆರೋಗ್ಯ ಅಧಿಕಾರಿಗೆ ಯಾರು ಕಲಿಸಿದರು? ಮೂರಕ್ಕೂ "ನಾನೇ ಸಾರ್" ಎಂದು ಒಬ್ಬರೇ ಕೈ ಎತ್ತಿದರೆ ನಿಮ್ಮ ಯೋಜನೆ ಒಬ್ಬರ ಹೆಗಲ ಮೇಲೆ ನಿಂತಿದೆ.

ವರದಿ ಬರೆದ ಮೇಲೆ ಮೊದಲ ಪ್ರತಿ ಕಳಿಸಬೇಕಾದ್ದು ಜಿಲ್ಲಾ ಕಚೇರಿಗಲ್ಲ. ಅದೇ ಆಶಾ ಮೀಟಿಂಗ್‌ಗೆ ತೆಗೆದುಕೊಂಡು ಹೋಗಿ, ಕನ್ನಡದಲ್ಲಿ, ಎರಡು ಪುಟದಲ್ಲಿ. ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.

ನಾವು ಹಾಗೆ ಓದಿ ಹೇಳಿದ ದಿನ ಬಸ್ ಸ್ಟ್ಯಾಂಡಿನ ವಿಷಯವೂ ಬಂತು. ಆ ಆಶಾ ಕಾರ್ಯಕರ್ತೆ ಎದ್ದು ನಿಂತು, "ನೋಡಿದ ದಿನ ಬೇರೆ, ಹಾಕಿದ ದಿನ ಬೇರೆ ಅಂತ ಎರಡು ಕಾಲಂ ಮಾಡ್ಬಿಡಿ ಸಾರ್, ಮುಗೀತು" ಎಂದರು. ಮಾಡಿದೆವು. ಆ್ಯಪ್ ಬರೆಯುವ ಹುಡುಗನಿಗೆ ಅರ್ಧ ದಿನದ ಕೆಲಸ. ನೆಟ್ ಇಲ್ಲದೆ ನಡೆಯುವ ಹಾಗೆ ಮಾಡಲು ಇನ್ನೂ ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಆಕೆ ಸೋಮವಾರ ಬಸ್ ಸ್ಟ್ಯಾಂಡಿನಲ್ಲೇ ಕೂತು ಹಾಕುತ್ತಿದ್ದರು.